ಪತ್ರಿಕೆಯಲ್ಲಿ ಕೋವಿಯ ಸುದ್ದಿ ಬಂದಾಗ ಪರವಾನಗಿದಾರರು ಉತ್ತರಿಸುವ ಬಗೆ

ಕೆಲವು ವರ್ಷಗಳ ಹಿಂದೆ, ಚುನಾವಣೆ ಘೋಷಣೆಯಾದ ವಾರದಲ್ಲಿ, ದಿನಪತ್ರಿಕೆಯೊಂದರ ಜಿಲ್ಲಾ ಪುಟದಲ್ಲಿ ನಮ್ಮ ಶಿರಸಿ ಸೀಮೆಯ ಪರವಾನಗಿ ಕೋವಿಗಳನ್ನು ಚುನಾವಣೆ ಮುಗಿಯುವವರೆಗೆ ಠಾಣೆಯಲ್ಲಿ ಇರಿಸಿಕೊಳ್ಳುತ್ತಿರುವ ಸುದ್ದಿ ಪ್ರಕಟವಾಗಿತ್ತು. ಸುದ್ದಿಯ ಒಡಲು ಬಹುಮಟ್ಟಿಗೆ ಸರಿಯಾಗಿಯೇ ಇತ್ತು. ಆದರೆ ತಲೆಬರಹದಲ್ಲಿ ‘ಪಿಸ್ತೂಲು ವಶ’ ಎಂದಿತ್ತು, ಪಕ್ಕದಲ್ಲಿ ಮಿರುಗುವ ಕಪ್ಪು ಪಿಸ್ತೂಲಿನ ಚಿತ್ರವಿತ್ತು. ಆ ದಿನ ಠಾಣೆಯ ಗೋಡೆಗೆ ಸಾಲಾಗಿ ಒರಗಿಸಿಟ್ಟಿದ್ದದ್ದು ಅಪ್ಪ, ಅಜ್ಜಂದಿರ ಕಾಲದ ಒಂಟಿನಳಿಗೆ ತೋಟಾಕೋವಿಗಳು, ನಡುನಡುವೆ ಬಾಯಿಂದ ಮದ್ದು ತುಂಬುವ ಕೆಲವು ಕೇಪಿನ ಕೋವಿಗಳು. ಅವುಗಳಲ್ಲಿ ಒಂದರ ಹಿಡಿ ಸೀಳಿದ್ದರಿಂದ ಅದಕ್ಕೆ ತಾಮ್ರದ ತಂತಿ ಸುತ್ತಿದ್ದರು. ಸಂಜೆ ಸೊಸೈಟಿಯ ಕಟ್ಟೆಯ ಮೇಲೆ ನಾಲ್ವರು ಕುಳಿತು ಪತ್ರಿಕೆಗೆ ಒಂದೂವರೆ ಪುಟದ ಪತ್ರ ಬರೆದೆವು. ಮಂಗನ ಕಾಟದಿಂದ ಆರಂಭವಾಗಿ, ಅರಣ್ಯ ಇಲಾಖೆ, ಬೆಳೆವಿಮೆ, ಅಡಿಕೆಯ ದರ ಎಲ್ಲವನ್ನೂ ಸುತ್ತಿ, ಪತ್ರಕರ್ತರ ಪ್ರಾಮಾಣಿಕತೆಯನ್ನು ಪ್ರಶ್ನಿಸಿ ಮುಗಿದ ಆ ಪತ್ರ ಪ್ರಕಟವಾಗಲಿಲ್ಲ. ಅದರ ನಕಲು ಇನ್ನೂ ನನ್ನ ಬಳಿ ಇದೆ. ಈಗ ಓದಿದರೆ, ಸಂಪಾದಕನ ಕುರ್ಚಿಯಲ್ಲಿ ನಾನೇ ಇದ್ದರೂ ಅದನ್ನು ಬದಿಗಿಡುತ್ತಿದ್ದೆ ಅನ್ನಿಸುತ್ತದೆ, ಏಕೆಂದರೆ ಚಿತ್ರ ತಪ್ಪು, ‘ವಶ’ ಎಂಬ ಪದ ತಪ್ಪು ಎಂಬ ಎರಡೇ ಸಂಗತಿಗಳು ಅದರ ಹದಿನಾಲ್ಕನೆಯ ಸಾಲಿನಲ್ಲಿ ಹುದುಗಿಹೋಗಿದ್ದವು.

ಅಲ್ಲಿಂದೀಚೆಗೆ ನನಗಾಗಿ ಮತ್ತು ನೆರೆಹೊರೆಯ ಪರವಾನಗಿದಾರರಿಗಾಗಿ ಇಂಥ ಹಲವು ಪತ್ರಗಳನ್ನು ಬರೆದಿದ್ದೇನೆ. ಕೆಲವು ಪ್ರಕಟವಾಗಿವೆ, ಕೆಲವು ಆಗಿಲ್ಲ. ಆ ಅನುಭವದಿಂದ ತಿಳಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಗತಿಯಲ್ಲಿ ಆದ ತಪ್ಪನ್ನು ತಿದ್ದುವುದಕ್ಕೆ ಮಾತ್ರ ಬರೆಯಬೇಕು ಎಂಬುದು ಇದರ ತಳಹದಿ. ಕೋವಿಯನ್ನು ಕಂಡರೆ ಹೆದರುವ ಓದುಗನ ಅಭಿಪ್ರಾಯವನ್ನು ಒಂದು ಪತ್ರದಿಂದ ತಿದ್ದಲು ಸಾಧ್ಯವಿಲ್ಲ, ಅದಕ್ಕೆ ಕೈಹಾಕಿದ ಪತ್ರದಲ್ಲಿ ಸಂಗತಿಯೂ ಕಳೆದುಹೋಗುತ್ತದೆ.

ಸುದ್ದಿಯನ್ನು ಬಿಡಿಸಿ ಓದುವುದು

ಸುದ್ದಿಯನ್ನು ಮೊದಲ ಸಲ ಸಿಟ್ಟಿನಲ್ಲಿ ಓದುತ್ತೇವೆ, ಆದ್ದರಿಂದ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬಾರದು. ಎರಡನೆಯ ಸಲ ಪೆನ್ಸಿಲು ಹಿಡಿದು ಓದಿ, ತಲೆಬರಹ, ಚಿತ್ರ, ಅಧಿಕಾರಿಯ ಹೇಳಿಕೆ ಮತ್ತು ವರದಿಗಾರ ತಾನಾಗಿ ಬರೆದ ಸಾಲುಗಳನ್ನು ಬೇರೆ ಬೇರೆಯಾಗಿ ಗುರುತು ಮಾಡಿಕೊಳ್ಳಬೇಕು. ತಾಲ್ಲೂಕಿನ ವರದಿಗಾರ ಸಾಮಾನ್ಯವಾಗಿ ತಲೆಬರಹ ಕೊಡುವುದಿಲ್ಲ, ಚಿತ್ರ ಆರಿಸುವುದೂ ಇಲ್ಲ. ರಾತ್ರಿ ಪುಟ ಕಟ್ಟುವಾಗ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರುವ ಉಪಸಂಪಾದಕರು, ಕೈಗೆ ಸಿಕ್ಕ ಹಳೆಯ ಚಿತ್ರವೊಂದನ್ನು ಜೋಡಿಸಿ ಅದನ್ನು ಮುಗಿಸಿರುತ್ತಾರೆ. ಇದನ್ನು ತಿಳಿಯದೆ ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಸಿಕ್ಕ ವರದಿಗಾರನನ್ನು ತರಾಟೆಗೆ ತೆಗೆದುಕೊಂಡರೆ, ಮುಂದೆ ನಮ್ಮ ಮಾತನ್ನು ಕೇಳಬೇಕಾದ ಒಬ್ಬನೇ ಒಬ್ಬ ಮನುಷ್ಯನನ್ನು ಕಳೆದುಕೊಂಡಂತಾಗುತ್ತದೆ. ಅಧಿಕಾರಿಯ ಹೇಳಿಕೆಯಲ್ಲೇ ತಪ್ಪಿದ್ದರೆ ಪತ್ರಿಕೆಯನ್ನು ದೂರಿ ಫಲವಿಲ್ಲ. ಆ ಕಚೇರಿಗೆ ಬರೆದು, ಅದರ ಪ್ರತಿಯನ್ನು ಪತ್ರಿಕೆಗೆ ಕಳುಹಿಸಬೇಕು.

ನಮ್ಮ ಜಿಲ್ಲೆಯ ಕೋವಿ ಸುದ್ದಿಗಳಲ್ಲಿ ಮೂರು ಬೇರೆ ಬೇರೆ ವಸ್ತುಗಳು ಒಂದೇ ಹಗ್ಗದಲ್ಲಿ ಕಟ್ಟಿಸಿಕೊಂಡು ಬರುತ್ತವೆ, ಅವನ್ನು ಬಿಡಿಸಿ ಇಡುವುದೇ ಉತ್ತರದ ಮುಕ್ಕಾಲು ಪಾಲು ಕೆಲಸ. ಮೊದಲನೆಯದು ಪರವಾನಗಿಯೇ ಇಲ್ಲದ ನಾಡಬಂದೂಕು. ಇದು 1959ರ ಆಯುಧ ಕಾಯ್ದೆಯ 3ನೇ ಕಲಂನ ಉಲ್ಲಂಘನೆ, 25ನೇ ಕಲಂ ಪ್ರಕಾರ ಶಿಕ್ಷಾರ್ಹ ಅಪರಾಧ. ಎರಡನೆಯದು ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಉದ್ದ ನಳಿಗೆಯ ಕೋವಿ. ಬಾಯಿಂದ ಮದ್ದು ತುಂಬುವ ಕೋವಿಯನ್ನು ನೈಜ ಬೆಳೆ ರಕ್ಷಣೆಗೆ ಕೇಳಿದಾಗ ಪರವಾನಗಿ ಕೊಡಬೇಕೆಂದೂ, ಅದು ಸಾಲದು ಎಂದು ಮನವರಿಕೆಯಾದರೆ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ನಯನಳಿಗೆ (ಒಳಗೆ ಸುರುಳಿಗೆರೆಗಳಿಲ್ಲದ) ಕೋವಿಗೂ ಕೊಡಬಹುದೆಂದೂ ಕಾಯ್ದೆಯ 13ನೇ ಕಲಂ ಹೇಳುತ್ತದೆ. ಮೂರನೆಯದು ಆತ್ಮರಕ್ಷಣೆಯ ರಿವಾಲ್ವರ್ ಅಥವಾ ಪಿಸ್ತೂಲು. ಇದಕ್ಕೆ ಅದೇ ಕಲಂನ ಬೇರೆ ಭಾಗ ಅನ್ವಯಿಸುತ್ತದೆ: ಅರ್ಜಿದಾರನಿಗೆ ಸಾಕಷ್ಟು ಕಾರಣವಿದೆ ಎಂದು ಪರವಾನಗಿ ಪ್ರಾಧಿಕಾರಕ್ಕೆ, ಅಂದರೆ ನಮ್ಮಲ್ಲಿ ಕಾರವಾರದಲ್ಲಿರುವ ಜಿಲ್ಲಾಧಿಕಾರಿಗೆ, ಮನವರಿಕೆಯಾಗಬೇಕು. ಹೀಗೆ ಸಿಗುವುದು .32 ಬೋರಿನಂಥ (ಬೋರು ಎಂದರೆ ನಳಿಗೆಯ ಒಳ ಅಳತೆ) ನಿಷೇಧಿತವಲ್ಲದ ಆಯುಧ. ಕಾನ್ಪುರದ ಸರಕಾರಿ ಕಾರ್ಖಾನೆಯ ‘ನಿರ್ಭೀಕ್’ ರಿವಾಲ್ವರ್ ಈ ಜಾತಿಯದು. ಪತ್ರಿಕೆಗಳು ಚಿತ್ರಕ್ಕೆ ಬಳಸುವ 9 ಮಿ.ಮೀ. ಪಿಸ್ತೂಲು ನಿಷೇಧಿತ ಬೋರಿಗೆ ಸೇರಿದ್ದು, ಅದರ ಪರವಾನಗಿ ಜಿಲ್ಲಾಧಿಕಾರಿಯ ಕೈಯಲ್ಲಿಲ್ಲ, ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿದೆ.

ಇದಕ್ಕೆ ಸೇರಿಸಿ ಕೊಡಗಿನ ಗೊಂದಲವನ್ನೂ ಹೇಳಬೇಕು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ, ಅಂದರೆ ಅಲ್ಲಿ ವಂಶಪಾರಂಪರ್ಯವಾಗಿ ಬಂದ ಭೂಮಿ ಹೊಂದಿದವರಿಗೆ, ಕೆಲವು ಆಯುಧಗಳ ಮಟ್ಟಿಗೆ ಪರವಾನಗಿಯಿಂದ ವಿನಾಯಿತಿ ಇದೆ, ಅದನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದಿದೆ. ಆ ಸುದ್ದಿ ಓದಿದ ಕೆಲವರು ಮಲೆನಾಡಿಗೆಲ್ಲ ಅದೇ ನಿಯಮ ಎಂದುಕೊಂಡಿದ್ದಾರೆ. ಉತ್ತರ ಕನ್ನಡಕ್ಕೆ ಅಂಥ ವಿನಾಯಿತಿ ಇಲ್ಲ. ನಮ್ಮವರೇ ಪತ್ರದಲ್ಲಿ ‘ನಮ್ಮ ಪರಂಪರಾಗತ ಹಕ್ಕು’ ಎಂದು ಬರೆದು ಮುಖಭಂಗ ಮಾಡಿಕೊಂಡದ್ದನ್ನು ನೋಡಿದ್ದೇನೆ.

ಬರೆಯುವ ಮೊದಲು ಎದುರಿಗೆ ಇರಬೇಕಾದದ್ದು

ನಿಮ್ಮ ಪರವಾನಗಿ ಪುಸ್ತಕವನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಡಿ. ಅದರಲ್ಲಿ ಆಯುಧದ ಜಾತಿ, ನಂಬರು, ಪಡೆದ ಉದ್ದೇಶ, ಯಾವ ಪ್ರದೇಶಕ್ಕೆ ಅನ್ವಯ ಮತ್ತು ಯಾವ ದಿನಾಂಕದವರೆಗೆ ಚಾಲ್ತಿ ಎಂಬುದೆಲ್ಲ ನಮೂದಾಗಿರುತ್ತದೆ. ಚಾಲ್ತಿಯ ದಿನಾಂಕ ದಾಟಿಹೋಗಿದ್ದರೆ ಪತ್ರಿಕೆಗೆ ಬರೆಯುವ ಮಾತು ಆಮೇಲೆ, ಮೊದಲು ನವೀಕರಣದ ಕೆಲಸ ನೋಡಿಕೊಳ್ಳಬೇಕು. ಕಾನೂನು ಪಾಲಿಸುವ ನಾಗರಿಕನೆಂದು ಹೇಳಿಕೊಂಡು ಬರೆದವನ ಪರವಾನಗಿಯೇ ಮುಗಿದಿದ್ದರೆ ಅದು ಮರುದಿನದ ಸುದ್ದಿಯಾಗುತ್ತದೆ. ಆಯುಧ ಕಾಯ್ದೆಯ 2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ ಮತ್ತು ಒಬ್ಬನು ಇಟ್ಟುಕೊಳ್ಳಬಹುದಾದ ಆಯುಧಗಳ ಸಂಖ್ಯೆ ಸಾಮಾನ್ಯವಾಗಿ ಮೂರರಿಂದ ಎರಡಕ್ಕೆ ಇಳಿದಿದೆ. ಈ ಎರಡು ಅಂಕಿಗಳನ್ನು ಹಳೆಯ ರೂಪದಲ್ಲೇ ಬರೆಯುವ ವರದಿಗಳು ಇಂದಿಗೂ ಕಾಣಸಿಗುತ್ತವೆ, ತಿದ್ದುಪಡಿ ಕೇಳಲು ಇವು ಬಹಳ ಸುಲಭದ ಸಂಗತಿಗಳು.

ಪಿಸ್ತೂಲು, ರಿವಾಲ್ವರಿನಂಥ ಕೈಬಂದೂಕನ್ನು ‘ಒಯ್ಯುವ ಪರವಾನಗಿ’ಯ ಬಗ್ಗೆ ವರದಿ ಬಂದಾಗ ಒಂದು ಸಂಗತಿಯನ್ನು ಸ್ಪಷ್ಟಪಡಿಸಲೇಬೇಕು. ನಮ್ಮ ದೇಶದಲ್ಲಿ ಇಟ್ಟುಕೊಳ್ಳುವುದಕ್ಕೆ ಒಂದು, ಸೊಂಟದಲ್ಲಿ ಒಯ್ಯುವುದಕ್ಕೆ ಇನ್ನೊಂದು ಎಂದು ಎರಡು ಪರವಾನಗಿಗಳಿಲ್ಲ. ಎರಡೂ ಒಂದೇ ಪುಸ್ತಕದಲ್ಲಿ, ಅದರಲ್ಲಿ ಹೇಳಿದ ಪ್ರದೇಶದ ಮಿತಿಯಲ್ಲಿ ಬರುತ್ತವೆ. ಆದರೆ ಅದು ಹೇಗೆ ಬೇಕಾದರೂ ಹಿಡಿದು ತಿರುಗುವ ಅನುಮತಿಯೂ ಅಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಆಯುಧವನ್ನು ಚೀಲದಲ್ಲೋ ಒರೆಯಲ್ಲೋ ಪೂರ್ತಿ ಮುಚ್ಚಿ ಒಯ್ಯಬೇಕು, ಝಳಪಿಸುವಂತಿಲ್ಲ. ಪರವಾನಗಿ ಸಿಕ್ಕವರೆಲ್ಲ ಪಿಸ್ತೂಲು ತೋರಿಸಿಕೊಂಡು ಓಡಾಡಬಹುದು ಎಂಬ ಧಾಟಿಯ ವರದಿಗೆ ಈ ಒಂದು ನಿಯಮವೇ ಸಾಕಷ್ಟು ಉತ್ತರ, ಅದಕ್ಕೆ ನಮ್ಮ ಕೋಪವನ್ನು ಬೆರೆಸುವ ಅಗತ್ಯವಿಲ್ಲ.

ಸಂಖ್ಯೆಗಳ ವಿಚಾರದಲ್ಲಿ ಎಚ್ಚರ ಬೇಕು. ‘ಜಿಲ್ಲೆಯಲ್ಲಿ ಇಷ್ಟು ಸಾವಿರ ಕೋವಿ’ ಎಂಬ ಸಾಲು ತಪ್ಪೆಂದು ನಿಮಗೆ ಅನ್ನಿಸಿದರೆ, ನಿಮ್ಮ ಅಂದಾಜನ್ನು ಅದರೆದುರು ಇಡಬೇಡಿ. ಮಾಹಿತಿ ಹಕ್ಕಿನ ಅರ್ಜಿಯನ್ನು ಜಿಲ್ಲಾಧಿಕಾರಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಕಳುಹಿಸಬಹುದು; ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದಗಳೊಳಗೆ ಇರಬೇಕು, ಉತ್ತರ ಕೊಡಲು 30 ದಿನಗಳ ಅವಧಿ ಇದೆ. ಬೆಳೆ ರಕ್ಷಣೆ, ಆತ್ಮರಕ್ಷಣೆ ಎಂದು ಉದ್ದೇಶವಾರು ಚಾಲ್ತಿಯಲ್ಲಿರುವ ಪರವಾನಗಿಗಳ ಸಂಖ್ಯೆಯನ್ನಷ್ಟೇ ಕೇಳಿ. ಹೆಸರುಗಳ ಪಟ್ಟಿಯನ್ನು ಎಂದೂ ಕೇಳಬೇಡಿ, ಕಾರಣ ಮುಂದೆ ಬರುತ್ತದೆ. ಉತ್ತರ ಬರುವ ಹೊತ್ತಿಗೆ ಸುದ್ದಿ ಹಳತಾಗಿರುತ್ತದೆ ನಿಜ. ಆದರೆ ಇದೇ ಸುದ್ದಿ ಪ್ರತಿ ಚುನಾವಣೆಗೂ ಮರಳಿ ಬರುತ್ತದೆ, ಆಗ ಆ ಕಾಗದ ನಿಮ್ಮ ಕೈಯಲ್ಲಿರುತ್ತದೆ.

ಪತ್ರ

ಪತ್ರ ಸುದ್ದಿ ಬಂದ ದಿನ ಅಥವಾ ಮರುದಿನವೇ ಹೋಗಬೇಕು. ಯಾರಿಗೆ ಬರೆಯಬೇಕೆಂದು ತಿಳಿಯದಿದ್ದರೆ ಪತ್ರಿಕೆಯ ಕೊನೆಯ ಪುಟದ ತಳದಲ್ಲಿ ಸಣ್ಣಕ್ಷರದ ಸಾಲನ್ನು ನೋಡಬೇಕು. ಮುದ್ರಕ, ಪ್ರಕಾಶಕ ಮತ್ತು ಸಂಪಾದಕರ ಹೆಸರು ಹಾಗೂ ವಿಳಾಸ ಅಲ್ಲಿರುತ್ತದೆ. ಶಿರಸಿಯ ಲೋಕಧ್ವನಿ ಅಥವಾ ಕಾರವಾರದ ಕರಾವಳಿ ಮುಂಜಾವು ಪತ್ರಿಕೆಗಳಾದರೆ ಕಚೇರಿಗೇ ಹೋಗಿ ಕೊಟ್ಟು ಬರುವುದು ಸಾಧ್ಯ. ರಾಜ್ಯಮಟ್ಟದ ಪತ್ರಿಕೆಗಳಿಗೆ ಇಮೇಲಿನಲ್ಲಿ ಕಳುಹಿಸಿ, ಪ್ರತಿಯನ್ನು ಜಿಲ್ಲಾ ವರದಿಗಾರರಿಗೂ ಕೊಡುವುದು ಒಳ್ಳೆಯದು. ಮೇಲೆ ಹೇಳಿದ ಸುದ್ದಿಗೆ ನಾವು ಅಂದು ಬರೆಯಬೇಕಾಗಿದ್ದ ಪತ್ರ ಹೀಗಿರಬೇಕಿತ್ತು:

‘ಮಾನ್ಯ ಸಂಪಾದಕರೇ, ತಮ್ಮ ಪತ್ರಿಕೆಯ ನಿನ್ನೆಯ ಜಿಲ್ಲಾ ಪುಟದ ವರದಿಯ ತಲೆಬರಹದಲ್ಲಿ ತಾಲ್ಲೂಕಿನ ಪಿಸ್ತೂಲುಗಳನ್ನು ಪೊಲೀಸರು ವಶಪಡಿಸಿಕೊಂಡಿದ್ದಾರೆಂದು ಇದೆ. ಪೊಲೀಸರು ಇರಿಸಿಕೊಂಡಿರುವುದು ಬೆಳೆ ರಕ್ಷಣೆಗೆ ಪರವಾನಗಿ ಪಡೆದ ಉದ್ದ ನಳಿಗೆಯ ಕೋವಿಗಳನ್ನು. ಅದು ವಶವಲ್ಲ, ಚುನಾವಣೆ ಮುಗಿಯುವವರೆಗಿನ ಠೇವಣಿ. ನಾನೂ ಮೊನ್ನೆ ನನ್ನ ಒಂಟಿನಳಿಗೆ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆದಿದ್ದೇನೆ, ಅದರ ನಕಲನ್ನು ಲಗತ್ತಿಸಿದ್ದೇನೆ. ಪರವಾನಗಿಯಿಲ್ಲದ ನಾಡಬಂದೂಕುಗಳ ಬಗ್ಗೆ ವರದಿಯ ಕೊನೆಯಲ್ಲಿ ಬರೆದಿರುವುದು ಸರಿಯಾಗಿದೆ, ಅವುಗಳ ಮೇಲೆ ಕ್ರಮ ಆಗಬೇಕೆಂಬುದಕ್ಕೆ ನನ್ನ ಒಪ್ಪಿಗೆ ಇದೆ. ತಲೆಬರಹ ಮತ್ತು ಚಿತ್ರದ ಕುರಿತು ಅದೇ ಪುಟದಲ್ಲಿ ಸ್ಪಷ್ಟನೆ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.’

ಇಷ್ಟೇ. ಪತ್ರಿಕೆ ಹೇಳಿದ್ದೇನು, ಇರುವುದೇನು, ನನಗೆ ಹೇಗೆ ಗೊತ್ತು, ಏನು ಆಗಬೇಕು ಎಂಬ ನಾಲ್ಕು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿದೆ. ಮಂಗ, ಹಂದಿ, ಕಾಡುಕೋಣಗಳು ಅದರಲ್ಲಿ ಇಲ್ಲ. ನಾಡಬಂದೂಕಿನ ಸಾಲು ಅಲ್ಲಿ ಏಕೆ ಬೇಕು ಎಂದು ನನ್ನ ಜೊತೆಗಾರರು ಪ್ರತಿ ಸಲವೂ ಕೇಳುತ್ತಾರೆ. ವರದಿಯಲ್ಲಿ ಸರಿಯಿರುವುದನ್ನು ಸರಿ ಎಂದು ಒಪ್ಪಿದವನ ಮಾತಿಗೆ ಮಾತ್ರ ಸಂಪಾದಕರ ಎದುರು ತೂಕ ಇರುತ್ತದೆ. ಅದಕ್ಕಿಂತ ಹೆಚ್ಚಾಗಿ, ಕತ್ತಲಲ್ಲಿ ಹಂದಿಯೆಂದು ತಿಳಿದು ಹೊಡೆದ ಈಡು ಮನುಷ್ಯನಿಗೆ ತಗುಲಿದ ಪ್ರಕರಣಗಳು ಮಲೆನಾಡಿನಲ್ಲಿ ಆಗಿವೆ, ಅದನ್ನು ಮರೆಮಾಚುವುದು ನಮಗೆ ಶೋಭಿಸುವುದಿಲ್ಲ.

ಪದಗಳ ಆಯ್ಕೆಯಲ್ಲಿ ನಾವೂ ಶುದ್ಧವಾಗಿರಬೇಕು. ‘ವಶ’, ‘ಜಪ್ತಿ’ ಎನ್ನುವುದು ಅಪರಾಧದ ಸಂಬಂಧ ಪೊಲೀಸರು ಕಿತ್ತುಕೊಂಡ ವಸ್ತುವಿಗೆ. ನಾವಾಗಿ ಒಪ್ಪಿಸಿ ರಸೀದಿ ಪಡೆದದ್ದು ‘ಠೇವಣಿ’. ‘ರದ್ದು’ ಬೇರೆ, ‘ಅಮಾನತು’ ಬೇರೆ. ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿ ಅಲ್ಲ ಎಂಬುದನ್ನಂತೂ ನಮ್ಮಲ್ಲಿ ಅನೇಕರು ಮರೆತು ಬರೆಯುತ್ತಾರೆ. ಕೋವಿ ಇಟ್ಟುಕೊಳ್ಳಲು ಆಯುಧ ಕಾಯ್ದೆಯ ಅನುಮತಿ ಸಾಕು. ಆದರೆ ವನ್ಯಜೀವಿಯನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಒಳಪಟ್ಟ ವಿಚಾರ, ಬೆಳೆಗೆ ಹಾನಿ ಮಾಡುವ ಪ್ರಾಣಿಯ ವಿಷಯದಲ್ಲೂ ಅದರ 11ನೇ ಕಲಂ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಆದೇಶ ಬೇಕು. ‘ಲೈಸೆನ್ಸ್ ಇದ್ದ ಮೇಲೆ ಹಂದಿ ಹೊಡೆಯಬಾರದೇ?’ ಎಂದು ಪತ್ರಿಕೆಯಲ್ಲಿ ಹೆಸರು ಹಾಕಿ ಕೇಳಿದವರ ಮನೆಗೆ ಅರಣ್ಯ ಇಲಾಖೆಯವರು ಬಂದರೆ ಆಶ್ಚರ್ಯಪಡಬೇಕಾಗಿಲ್ಲ.

ಚುನಾವಣೆಯ ಠೇವಣಿಯ ಬಗ್ಗೆ ನಮಗೆ ನಿಜವಾದ ದೂರು ಇದ್ದರೆ ಅದಕ್ಕೆ ಪ್ರತ್ಯೇಕ ಪತ್ರ ಬರೆಯಬೇಕು, ತಿದ್ದುಪಡಿಯ ಪತ್ರದಲ್ಲಿ ಅದನ್ನು ಸೇರಿಸಬಾರದು. ಆ ದೂರಿಗೆ ಆಧಾರವೂ ಇದೆ. 2024ರ ಲೋಕಸಭಾ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ರಂದು, ನಮ್ಮ ಜಿಲ್ಲೆಯಲ್ಲಿ ಮತದಾನ ನಡೆದದ್ದು ಮೇ 7ರಂದು, ಎಣಿಕೆ ಆದದ್ದು ಜೂನ್ 4ರಂದು. ಘೋಷಣೆಯಿಂದ ಎಣಿಕೆಯವರೆಗೆ ಲೆಕ್ಕ ಹಾಕಿದರೆ 80 ದಿನ. ಬಾಳೆ, ಎಳೆ ಅಡಿಕೆ ಮಂಗನ ಪಾಲಾಗುವ ಕಾಲದಲ್ಲಿ ಇದು ಸಣ್ಣ ಅವಧಿಯಲ್ಲ. ಎಲ್ಲರ ಆಯುಧವನ್ನೂ ಕಣ್ಣುಮುಚ್ಚಿ ಇರಿಸಿಕೊಳ್ಳಬೇಕೆಂದು ಚುನಾವಣಾ ಆಯೋಗ ಹೇಳಿಲ್ಲ. ಜಿಲ್ಲಾಧಿಕಾರಿ ಮತ್ತು ಪೊಲೀಸ್ ವರಿಷ್ಠಾಧಿಕಾರಿಯವರಿರುವ ಪರಿಶೀಲನಾ ಸಮಿತಿ ಪ್ರಕರಣವಾರು ನೋಡಬೇಕೆಂಬ ಸೂಚನೆ ಇದೆ. ಈ ಸೂಚನೆಯನ್ನು ಮುಂದಿಟ್ಟು, ದಿನಗಳ ಲೆಕ್ಕ ಕೊಟ್ಟು, ಸಮಿತಿಗೆ ಮನವಿ ಸಲ್ಲಿಸಿ ಆ ಮನವಿಯ ಸುದ್ದಿಯನ್ನು ಪತ್ರಿಕೆಗೆ ಕೊಟ್ಟರೆ ಅದು ಬರುತ್ತದೆ. ‘ರೈತರ ಕೈ ಕಟ್ಟಿದ್ದಾರೆ’ ಎಂಬ ಕೂಗು ಬರುವುದಿಲ್ಲ, ಬಂದರೂ ಯಾರ ಕಿವಿಗೂ ಬೀಳುವುದಿಲ್ಲ.

ಪತ್ರದ ಕೆಳಗೆ ನಿಮ್ಮ ಪೂರ್ಣ ಹೆಸರು ಮತ್ತು ಫೋನ್ ನಂಬರು ಇರಬೇಕು, ಏಕೆಂದರೆ ಅನಾಮಧೇಯ ಪತ್ರವನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಆದರೆ ಪ್ರಕಟಿಸುವಾಗ ಹೆಸರು ಮತ್ತು ತಾಲ್ಲೂಕು ಮಾತ್ರ ಹಾಕಬೇಕೆಂದು ಬೇರೆ ಸಾಲಿನಲ್ಲಿ ವಿನಂತಿಸಿಕೊಳ್ಳಿ. ನಮ್ಮ ಕಡೆ ಮನೆಗಳು ಒಂದೊಂದು ತೋಟದ ತಲೆಯ ಮೇಲೆ ಒಂಟಿಯಾಗಿ ಇರುತ್ತವೆ, ಊರಿನ ಹೆಸರಿಗೆ ಅಡ್ಡಹೆಸರು ಸೇರಿದರೆ ಅದೇ ವಿಳಾಸ. ಇಂಥ ಮನೆಯಲ್ಲಿ ಕೋವಿ ಇದೆ ಎಂದು ಊರಿಗೆಲ್ಲ ಸಾರುವುದು ಕಳ್ಳನಿಗೆ ಕಾಗದ ಹಾಕಿದಂತೆ. ಲಗತ್ತಿಸುವ ನಕಲಿನಲ್ಲಿ ಕೋವಿಯ ನಂಬರನ್ನು ಮುಚ್ಚಿಯೇ ಕೊಡಬೇಕು.

ಅಮೆರಿಕದ ಸುದ್ದಿ ಇಲ್ಲಿಗೆ ಬಂದಾಗ

ಈ ಹೆಸರು, ವಿಳಾಸದ ವಿಚಾರಕ್ಕೆ ಅಮೆರಿಕದ ಒಂದು ಪ್ರಕರಣ ತಿಳಿದಿರುವುದು ಉಪಯುಕ್ತ. 2012ರ ಡಿಸೆಂಬರಿನಲ್ಲಿ, ಸ್ಯಾಂಡಿ ಹುಕ್ ಶಾಲೆಯ ಹತ್ಯಾಕಾಂಡ ನಡೆದ ಕೆಲವೇ ದಿನಗಳಲ್ಲಿ, ನ್ಯೂಯಾರ್ಕ್ ರಾಜ್ಯದ ಜರ್ನಲ್ ನ್ಯೂಸ್ ಎಂಬ ಪತ್ರಿಕೆ ವೆಸ್ಟ್‌ಚೆಸ್ಟರ್ ಮತ್ತು ರಾಕ್‌ಲ್ಯಾಂಡ್ ಕೌಂಟಿಗಳ ಕೈಬಂದೂಕು ಪರವಾನಗಿದಾರರ ಹೆಸರು, ವಿಳಾಸಗಳನ್ನು ನಕಾಶೆಯಲ್ಲಿ ಗುರುತಿಸಿ ಅಂತರ್ಜಾಲದಲ್ಲಿ ಪ್ರಕಟಿಸಿತು. ಮಾಹಿತಿಯನ್ನು ಅದು ಕದ್ದಿರಲಿಲ್ಲ, ಅಲ್ಲಿನ ಮಾಹಿತಿ ಹಕ್ಕಿನ ಕಾನೂನಿನಲ್ಲೇ ಪಡೆದಿತ್ತು. ಸಿಟ್ಟಿಗೆದ್ದವರಲ್ಲಿ ಕೆಲವರು ಪತ್ರಿಕೆಯ ಸಿಬ್ಬಂದಿಯ ಮನೆ ವಿಳಾಸಗಳನ್ನು ಪ್ರಕಟಿಸಿದರು, ಬೆದರಿಕೆಗಳು ಬಂದವು, ಪತ್ರಿಕೆಯವರು ತಮ್ಮ ಕಚೇರಿಗೆ ಬಂದೂಕುಧಾರಿ ಕಾವಲುಗಾರರನ್ನು ನೇಮಿಸಿಕೊಳ್ಳಬೇಕಾಯಿತು. ಬಂದೂಕು ಇಟ್ಟುಕೊಂಡವರು ಅಪಾಯಕಾರಿಗಳು ಎಂದು ನಂಬಿದ್ದ ಓದುಗನಿಗೆ ಇದಕ್ಕಿಂತ ದೊಡ್ಡ ಪುರಾವೆಯನ್ನು ಯಾರೂ ಕೊಡಲಾರರು. ಇನ್ನೊಂದು ಕಡೆ, ಈ ಪಟ್ಟಿಯಿಂದ ಪೊಲೀಸರ, ಸೆರೆಮನೆ ಸಿಬ್ಬಂದಿಯ, ಹಿಂಸೆ ಕೊಡುವ ಗಂಡನಿಂದ ಅಡಗಿ ಬದುಕುವ ಹೆಂಗಸರ ಮನೆಗಳು ಬಯಲಾಗುತ್ತವೆ ಎಂದು ಸಮಾಧಾನದಿಂದ ವಾದಿಸಿದವರೂ ಇದ್ದರು. 2013ರ ಜನವರಿಯಲ್ಲಿ ಆ ರಾಜ್ಯ ಬಂದೂಕು ನಿಯಮಗಳನ್ನು ಬಿಗಿಗೊಳಿಸಿ ತಂದ ಕಾಯ್ದೆಯಲ್ಲೇ, ತಮ್ಮ ವಿವರ ಗುಟ್ಟಾಗಿಡಿ ಎಂದು ಕೇಳಿಕೊಳ್ಳುವ ಅವಕಾಶವನ್ನು ಪರವಾನಗಿದಾರರಿಗೆ ಕೊಟ್ಟಿತು. ಅದೇ ತಿಂಗಳು ಪತ್ರಿಕೆಯೂ ನಕಾಶೆಯನ್ನು ತೆಗೆಯಿತು. ಕೆಲಸಕ್ಕೆ ಬಂದದ್ದು ಎರಡನೆಯ ಗುಂಪಿನ ಮಾತು ಎಂಬುದು ನನ್ನ ಅಭಿಪ್ರಾಯ. ನಮ್ಮ ತಾಲ್ಲೂಕಿನ ಪಟ್ಟಿಯನ್ನು ಯಾರಾದರೂ ಪ್ರಕಟಿಸಲು ಹೊರಟರೆ ಹೇಳಬೇಕಾದದ್ದೂ ಅದನ್ನೇ. ಮಾಹಿತಿ ಹಕ್ಕು ಕಾಯ್ದೆಯ 8ನೇ ಕಲಂನಲ್ಲಿ ವೈಯಕ್ತಿಕ ಮಾಹಿತಿಗೂ ಜೀವದ ಸುರಕ್ಷತೆಗೂ ಸಂಬಂಧಿಸಿದ ವಿನಾಯಿತಿಗಳಿವೆ ಎಂಬುದನ್ನು ಅದಕ್ಕೆ ಸೇರಿಸಬಹುದು. ಹೆಸರುಗಳ ಪಟ್ಟಿಯನ್ನು ನಾವೇ ಕೇಳಬಾರದು ಎಂದು ಮೇಲೆ ಹೇಳಿದ್ದು ಇದಕ್ಕಾಗಿ.

ಅಲ್ಲಿನ ವಾದಗಳನ್ನು ಮಾತ್ರ ಇಲ್ಲಿಗೆ ಹೊತ್ತು ತರಬಾರದು. 2022ರ ಜೂನ್ 23ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ನ್ಯೂಯಾರ್ಕಿನ ಹಳೆಯ ಕಾನೂನೊಂದನ್ನು ತಳ್ಳಿಹಾಕಿತು. ಕೈಬಂದೂಕನ್ನು ಮನೆಯ ಹೊರಗೆ ಒಯ್ಯಲು ವಿಶೇಷ ಕಾರಣ ತೋರಿಸಬೇಕೆಂಬ ಆ ಷರತ್ತು ಆಯುಧ ಹೊಂದುವ ಹಕ್ಕು ಕೊಡುವ ಅಲ್ಲಿನ ಸಂವಿಧಾನದ ಎರಡನೆಯ ತಿದ್ದುಪಡಿಗೆ ವಿರುದ್ಧ ಎಂಬುದು ತೀರ್ಪು. ಅದರ ಕನ್ನಡ ವರದಿಯನ್ನು ಓದಿ, ಇನ್ನು ಇಲ್ಲೂ ಕಾರಣ ಕೇಳುವಂತಿಲ್ಲ ಎಂದು ನಮ್ಮ ಸೊಸೈಟಿ ಕಟ್ಟೆಯಲ್ಲೇ ಒಬ್ಬರು ವಾದ ಹೂಡಿದ್ದರು. ನಮ್ಮ ಸಂವಿಧಾನದಲ್ಲಿ ಆಯುಧ ಹೊಂದುವ ಮೂಲಭೂತ ಹಕ್ಕು ಇಲ್ಲ, ನಮ್ಮ ಕಾಯ್ದೆಯ ‘ಸಾಕಷ್ಟು ಕಾರಣ’ ಎಂಬ ಷರತ್ತು ಇದ್ದಲ್ಲೇ ಇದೆ. ಪರವಾನಗಿ ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕೆಂದು 14ನೇ ಕಲಂ, ಮೇಲ್ಮನವಿಗೆ ಅವಕಾಶವಿದೆ ಎಂದು 18ನೇ ಕಲಂ ಹೇಳುತ್ತವೆ. ನಮ್ಮ ಪತ್ರದಲ್ಲಿ ಈ ಎರಡು ಕಲಂಗಳು ಇದ್ದರೆ ಸಾಕು.

ಫೋನು, ಕ್ಯಾಮೆರಾ, ವಾಟ್ಸಾಪು

ವರದಿಗಾರರು ಫೋನ್ ಮಾಡಿ ಅಭಿಪ್ರಾಯ ಕೇಳಿದಾಗ ತಕ್ಷಣ ಉತ್ತರಿಸಬೇಕೆಂಬ ನಿಯಮವೇನೂ ಇಲ್ಲ. ‘ಅರ್ಧ ಗಂಟೆ ಬಿಟ್ಟು ನಾನೇ ಕರೆಯುತ್ತೇನೆ, ತಮ್ಮ ಪುಟ ಎಷ್ಟು ಹೊತ್ತಿಗೆ ಹೋಗುತ್ತದೆ?’ ಎಂದು ಕೇಳಿ, ಎರಡು ವಾಕ್ಯ ಬರೆದುಕೊಂಡು, ಹೇಳಿದ ಸಮಯಕ್ಕೆ ಸರಿಯಾಗಿ ಕರೆದು ಓದಿ ಹೇಳಬೇಕು. ಎಲ್ಲ ಪರವಾನಗಿದಾರರ ಪರವಾಗಿ ಮಾತಾಡಬಾರದು. ನಾವು ನಮ್ಮ ಕೋವಿಗೆ ಮಾತ್ರ ಜವಾಬ್ದಾರರು. ಟಿವಿಯವರು ತೋಟಕ್ಕೆ ಬಂದು ‘ಕೋವಿ ಹಿಡಿದು ಒಂದು ಸಲ ನಿಲ್ಲಿ ಸಾರ್’ ಎಂದರೆ ವಿನಯದಿಂದ ನಿರಾಕರಿಸಿ, ಹಂದಿ ಬುಡಮೇಲು ಮಾಡಿದ ಬಾಳೆಯ ಸಾಲನ್ನು ತೋರಿಸಬೇಕು. ಕೋವಿ ಹಿಡಿದು ನಿಂತ ಹತ್ತು ಸೆಕೆಂಡಿನ ಚಿತ್ರಕ್ಕೆ ಮುಂದಿನ ಹತ್ತು ವರ್ಷ ಯಾವ ಯಾವ ಸುದ್ದಿಯ ಹಿಂದೆ ಓಡುವ ಯೋಗವಿರುತ್ತದೆ ಎಂದು ಯಾರೂ ಹೇಳಲಾರರು.

ನವಮಿಯ ಆಯುಧಪೂಜೆಯ ದಿನ ಕತ್ತಿ, ಕೊಡಲಿ, ದೋಟಿಯ ಜೊತೆಗೆ ಕೋವಿಗೂ ಕುಂಕುಮ ಹಚ್ಚಿ, ಮೇಲೊಂದು ಸೇವಂತಿಗೆ ಇಟ್ಟು, ಕೈಮುಗಿಯುವುದು ಹಲವು ಮನೆಗಳಲ್ಲಿ ಇದೆ. ಕೈಮುಗಿದ ಮೇಲೆ ಅದರ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕುವ ಮಕ್ಕಳೂ ಇದ್ದಾರೆ. ಪೂಜೆ ಮಾಡಿ, ಫೋಟೋ ಬೇಡ. ಮದುವೆ, ಮೆರವಣಿಗೆಯಲ್ಲಿ ಸಂತೋಷಕ್ಕೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆ, ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ಸಾರ್ವಜನಿಕ ಶಾಂತಿ, ಸುರಕ್ಷತೆಯ ಕಾರಣಕ್ಕೆ ಪರವಾನಗಿಯನ್ನು ಅಮಾನತಿನಲ್ಲಿಡುವ ಅಥವಾ ರದ್ದು ಮಾಡುವ ಅಧಿಕಾರ ಆಯುಧ ಕಾಯ್ದೆಯ 17ನೇ ಕಲಂನಲ್ಲಿದೆ. ವಾಟ್ಸಾಪ್ ಗುಂಪಿನಲ್ಲಿ ವರದಿಗಾರನ ಫೋಟೋ ಹಾಕಿ ‘ಇವನನ್ನು ನೋಡಿಕೊಳ್ಳಬೇಕು’ ಎಂದು ಕೋವಿ ಪರವಾನಗಿ ಇರುವ ಮನುಷ್ಯ ಬರೆದರೆ ಅದನ್ನು ತಮಾಷೆ ಎಂದು ಯಾವ ಠಾಣೆಯೂ ಓದುವುದಿಲ್ಲ, ಓದಲೂಬಾರದು.

ತಿದ್ದುಪಡಿ ಬಾರದಿದ್ದರೆ

ಒಂದು ವಾರ ಕಾದು ಎರಡನೆಯ ಪತ್ರ ಬರೆಯಿರಿ, ಮೊದಲ ಪತ್ರದ ಪ್ರತಿಯನ್ನು ಜೊತೆಗಿಡಿ. ಅದಕ್ಕೂ ಉತ್ತರವಿಲ್ಲದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆ ಮತ್ತು ವಾರಪತ್ರಿಕೆಗಳ ವಿಷಯದಲ್ಲಿ ಸುದ್ದಿ ಪ್ರಕಟವಾಗಿ ಎರಡು ತಿಂಗಳೊಳಗೆ ದೂರು ಸೇರಬೇಕು, ಸಂಪಾದಕರಿಗೆ ಮೊದಲೇ ಬರೆದಿರಬೇಕು, ಕನ್ನಡ ಸುದ್ದಿಯಾದರೆ ಅದರ ಇಂಗ್ಲಿಷ್ ಅನುವಾದವನ್ನೂ ಕೊಡಬೇಕು. ಮಂಡಳಿ ಪತ್ರಿಕೆಗೆ ಎಚ್ಚರಿಕೆ ಕೊಡಬಹುದು, ಖಂಡಿಸಬಹುದು; ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಅಂತರ್ಜಾಲದ ಸುದ್ದಿತಾಣವಾದರೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಂತೆ ಅದರ ಕುಂದುಕೊರತೆ ಅಧಿಕಾರಿ 15 ದಿನಗಳಲ್ಲಿ ದೂರಿನ ಬಗ್ಗೆ ತೀರ್ಮಾನಿಸಬೇಕು. ಮಾನನಷ್ಟದ ನೋಟಿಸು, ಅಂದರೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ, ನಿಮ್ಮ ಹೆಸರನ್ನೇ ಹಿಡಿದು ಸುಳ್ಳು ಬರೆದ ಪ್ರಕರಣಕ್ಕೆ ಮೀಸಲಿರಲಿ. ಚಿತ್ರ ತಪ್ಪಾದದ್ದಕ್ಕೆ ವಕೀಲರ ನೋಟಿಸು ಕಳುಹಿಸಿದರೆ ಫೀಸು ನಮ್ಮದು, ನಗು ಊರಿನದು.

ಉತ್ತರಿಸಲೇಬಾರದ ಸಂದರ್ಭವೂ ಒಂದಿದೆ. ಕೋವಿಯಿಂದ ಯಾರಾದರೂ ಸತ್ತ ಸುದ್ದಿ ಬಂದ ದಿನಗಳಲ್ಲಿ, ಅದರಲ್ಲಿ ಬೋರಿನ ಅಳತೆ ತಪ್ಪಾಗಿದ್ದರೂ, ನಾಡಬಂದೂಕನ್ನು ಪರವಾನಗಿ ಕೋವಿ ಎಂದು ಬರೆದಿದ್ದರೂ, ಆ ಮನೆಯ ಸೂತಕ ಕಳೆಯುವವರೆಗೆ ಪತ್ರ ಬರೆಯಬೇಡಿ. ತನಿಖೆ ಮುಗಿದು ದೋಷಾರೋಪ ಪಟ್ಟಿ ಸಲ್ಲಿಕೆಯಾದ ಸುದ್ದಿ ಬರುವಾಗ ವರದಿಗಾರರಿಗೆ ತಿಳಿಸಿದರೆ ಸಾಕು.

ಕೊನೆಯದಾಗಿ ಚಿತ್ರದ ವಿಚಾರ. ಪತ್ರಿಕೆಯವರು ಪಿಸ್ತೂಲಿನ ಚಿತ್ರ ಹಾಕುವುದು ಬೇಕೆಂದೇ ಅಲ್ಲ, ಬೇರೆ ಚಿತ್ರ ಅವರ ಬಳಿ ಇಲ್ಲದ್ದರಿಂದ ಎಂಬುದು ನನಗೆ ತಡವಾಗಿ ಹೊಳೆಯಿತು. ಮುಂದಿನ ಸಲ ಠೇವಣಿ ಇಡುವಾಗ ಠಾಣಾಧಿಕಾರಿಯವರ ಅನುಮತಿ ಕೇಳಿ, ಗೋಡೆಗೆ ಒರಗಿಸಿಟ್ಟ ಕೋವಿಗಳ ಫೋಟೋ ತೆಗೆಸಿ, ನಂಬರು, ಮುಖ ಏನೂ ಕಾಣದಂತೆ ನೋಡಿಕೊಂಡು, ತಾಲ್ಲೂಕಿನ ಎಲ್ಲ ವರದಿಗಾರರಿಗೂ ಕಳುಹಿಸಿದೆ. ಅದೇ ವಾರ ಒಂದು ಪತ್ರಿಕೆಯಲ್ಲಿ ಆ ಚಿತ್ರ ಬಂದಿತು, ಹಿಡಿಗೆ ತಂತಿ ಸುತ್ತಿದ ಕೋವಿ ಎಡತುದಿಯಲ್ಲಿತ್ತು. ತಲೆಬರಹದಲ್ಲಿ ಮಾತ್ರ ತಾಲ್ಲೂಕಿನ ಹೆಸರು ಯಲ್ಲಾಪುರ ಎಂದಾಗಿತ್ತು. ಅದಕ್ಕೆ ಎರಡು ಸಾಲಿನ ಪತ್ರ ಬರೆದೆವು, ಮರುದಿನವೇ ತಿದ್ದಿದರು.